ಸೈಕಲ್ಲಿನ ಮೇಲೆ ದಂಪತಿಗಳು, ಬಾಗಿಲಲ್ಲಿ ಅಪರಿಚಿತರು

ಪ್ರವಾಸಕಥನಗಳನ್ನು ಓದುವಾಗ ನಮ್ಮ ಕಣ್ಣು ಸಹಜವಾಗಿಯೇ ಪ್ರವಾಸಿಯನ್ನು ಹಿಂಬಾಲಿಸುತ್ತದೆ. ಅವನು ಏರಿದ ಬೆಟ್ಟ, ದಾಟಿದ ಹೊಳೆ, ಕಂಡ ಗುಡಿ, ಪಟ್ಟ ಪಾಡು, ಇವೇ ಕಥೆ. ಅಂದಿನ ರಾತ್ರಿ ಅವನಿಗೆ ಅನ್ನ ಹಾಕಿದವರು ಯಾರು, ಅವರ ಮನೆಯ ಮಡಕೆಯಲ್ಲಿ ಅಂದು ಅಕ್ಕಿ ಎಷ್ಟಿತ್ತು ಎಂದು ಕೇಳುವ ಓದುಗರು ಕಡಿಮೆ. ಇತಿಹಾಸದ ಅಧ್ಯಾಪಕನಾಗಿಯೂ ನಾನು ಬಹುಕಾಲ ಆ ಪ್ರಶ್ನೆ ಕೇಳಿರಲಿಲ್ಲ. ಕೇಳುವಂತಾದದ್ದು ಒಂದು ಹಳೆಯ ಪುಸ್ತಕದಿಂದ. ಅನಂತರ, ನಾನೂ ನನ್ನಾಕೆಯೂ ಸೈಕಲ್ ಮೇಲೆ ಮಾಡಿದ ಒಂದು ಪ್ರವಾಸದಿಂದ. ನಮ್ಮ ಇತಿಹಾಸ ಸಂಘದಲ್ಲಿ ಈ ವಿಷಯವಾಗಿ ಆಡಿದ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಂಪಾದಕರು ಕೇಳಿದ್ದರಿಂದ, ಅಂದು ಸಭೆಯಲ್ಲಿ ಹೇಳದೆ ಉಳಿಸಿಕೊಂಡ ಭಾಗವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಪುಸ್ತಕದ ಹೆಸರು ‘ಥ್ರೂ ಟೌನ್ ಅಂಡ್ ಜಂಗಲ್’, 1904ರಲ್ಲಿ ಪ್ರಕಟವಾದದ್ದು. ಬರೆದವರು ಅಮೆರಿಕದ ದಂಪತಿಗಳು, ವಿಲಿಯಂ ಹಂಟರ್ ವರ್ಕ್‌ಮನ್ ಮತ್ತು ಫ್ಯಾನಿ ಬುಲಕ್ ವರ್ಕ್‌ಮನ್. ಆತ ವೈದ್ಯ. ಆಕೆ ಮ್ಯಾಸಚೂಸೆಟ್ಸ್ ಪ್ರಾಂತದ ಗವರ್ನರಾಗಿದ್ದವರ ಮಗಳು. ಹಣಕ್ಕೆ ಕೊರತೆಯಿರಲಿಲ್ಲ, ಇದನ್ನು ನಾವು ಮರೆಯಬಾರದು. ಆಲ್ಜೀರಿಯ ಮತ್ತು ಸ್ಪೇನ್ ದೇಶಗಳನ್ನು ಸೈಕಲ್ ಮೇಲೆ ಸುತ್ತಿ, ಆ ಬಗ್ಗೆ 1895ರಲ್ಲಿ ಒಂದು, 1897ರಲ್ಲಿ ಒಂದು ಪುಸ್ತಕ ಬರೆದ ಮೇಲೆ ಅವರ ಕಣ್ಣು ಪೂರ್ವದೇಶಗಳ ಮೇಲೆ ಬಿತ್ತು. 1897ರ ಕೊನೆಯಲ್ಲಿ ಹೊರಟಾಗ ಆಕೆಗೆ 38 ವರ್ಷ, ಆತನಿಗೆ 50. ಸಿಂಹಳ, ಇಂಡಿಯಾ, ಬರ್ಮಾ, ಜಾವಾಗಳಲ್ಲಿ ಸುಮಾರು ಎರಡೂವರೆ ವರ್ಷ ತಿರುಗಿ ಅವರು ಸೈಕಲ್ ಮೇಲೆ ಕ್ರಮಿಸಿದ್ದು 14,000 ಮೈಲಿ. ಎಂದರೆ ಇಪ್ಪತ್ತೆರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಕೆಲವು ದಿನ ನಲವತ್ತರವರೆಗೂ ಪಂಕ್ಚರ್ ಆಗುತ್ತಿತ್ತಂತೆ. ನಮ್ಮ ಹುಡುಗರು ಹಾಸ್ಟೆಲಿನಿಂದ ಕಾಲೇಜಿಗೆ ಬರುವಷ್ಟರಲ್ಲಿ ಒಂದು ಪಂಕ್ಚರ್ ಆದರೆ ಮೊದಲ ಪಿರಿಯಡ್ಡಿಗೇ ಚಕ್ಕರ್ ಹೊಡೆಯುವುದನ್ನು ನೆನೆದರೆ ಆ ದಂಪತಿಗಳಿಗೆ ಕೈ ಮುಗಿಯಬೇಕೆನಿಸುತ್ತದೆ.

ಹೆಂಗಸೊಬ್ಬಳು ಇಷ್ಟು ದೂರ ಸೈಕಲ್ ತುಳಿಯಲು ಸಾಧ್ಯವಾದದ್ದು ಅದಕ್ಕೆ ಹತ್ತು ಹನ್ನೆರಡು ವರ್ಷ ಹಿಂದೆಯಷ್ಟೇ ಆದ ಎರಡು ಬದಲಾವಣೆಗಳಿಂದ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎಂಬಾತ, ಎರಡು ಗಾಲಿಗಳೂ ಹೆಚ್ಚು ಕಡಮೆ ಒಂದೇ ಅಳತೆಯವಾಗಿದ್ದು ಹಿಂದಿನ ಗಾಲಿಗೆ ಚೈನು ಹಾಕಿದ ‘ರೋವರ್’ ಸೈಕಲ್ಲನ್ನು ತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರನ್ನು ತಂದ. ಅದಕ್ಕೆ ಮುಂಚೆ ದಂಪತಿಗಳ ಪ್ರಯಾಣವೆಂದರೆ ಮೂರು ಗಾಲಿಯ ಬಂಡಿಯೇ. ಲಂಡನ್ನಿನಲ್ಲಿ ನೆಲಸಿದ್ದ ಪೆನ್ನೆಲ್ ದಂಪತಿಗಳು 1884ರಲ್ಲಿ ಮದುವೆಯಾದ ಹೊಸತರಲ್ಲಿ ಕ್ಯಾಂಟರ್‌ಬರಿ ಯಾತ್ರೆಗೆ ಹೋದದ್ದು ಇಬ್ಬರು ಕೂರುವ ಟ್ರೈಸಿಕಲ್ಲಿನ ಮೇಲೆ.

ವರ್ಕ್‌ಮನ್ನರು ರಾತ್ರಿ ಎಲ್ಲಿ ತಂಗುತ್ತಿದ್ದರು? ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇದು. ಅವರು ಆದಷ್ಟೂ ಹೆದ್ದಾರಿಗಳನ್ನೇ, ರೈಲುದಾರಿಗೆ ಸಮೀಪವಾದ ರಸ್ತೆಗಳನ್ನೇ ಹಿಡಿದು ಹೋಗುತ್ತಿದ್ದರು. ಬೇರೇನೂ ಸಿಕ್ಕದಿದ್ದರೆ ರೈಲು ನಿಲ್ದಾಣದ ವೇಟಿಂಗ್ ರೂಮು. ಉಳಿದಂತೆ ಡಾಕ್ ಬಂಗಲೆ. ಟಪಾಲಿನ ದಾರಿಗಳಲ್ಲಿ ಒಂದು ದಿನದ ನಡಿಗೆಗೊಂದರಂತೆ ಸರ್ಕಾರ ಕಟ್ಟಿಸಿದ್ದ ಈ ಬಂಗಲೆಗಳಲ್ಲಿ ಗೊತ್ತುಪಡಿಸಿದ ಬಾಡಿಗೆ ಕೊಟ್ಟು ಇಳಿದುಕೊಳ್ಳಬಹುದಿತ್ತು. ಇಪ್ಪತ್ತನಾಲ್ಕು ಗಂಟೆಯ ಮೇಲೆ ಬೇರೊಬ್ಬ ಪ್ರಯಾಣಿಕ ಬಂದರೆ ಜಾಗ ಬಿಡಬೇಕು. ಅಡುಗೆಗೆ ಖಾನಸಾಮ. ದೊರೆಗಳು ಬಂದಿಳಿದ ಕೂಡಲೇ ಅಂಗಳದಲ್ಲಿ ಕಾಳು ಹೆಕ್ಕುತ್ತಿದ್ದ ಕೋಳಿಯ ಬೆನ್ನಟ್ಟುವುದು ಅವನ ಮೊದಲ ಕೆಲಸ. ಆ ಕೋಳಿಯ ಪಲ್ಯಕ್ಕೆ ಆಂಗ್ಲೋ-ಇಂಡಿಯನ್ನರು ‘ದಿಢೀರ್ ಮರಣ’ ಎಂಬ ಅಡ್ಡಹೆಸರಿಟ್ಟಿದ್ದರೆಂದು 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ದಾಖಲಿಸಿದೆ. ತಮಾಷೆಯ ಮಾತು ನಿಜ. ಆದರೆ ಕತ್ತಲಾದ ಮೇಲೆ ಮೂರು ಕಲ್ಲಿನ ಒಲೆಯ ಮುಂದೆ ಕೂತು ಎರಡು ಜನಕ್ಕೆ ಅಡುಗೆ ಮಾಡಿದವನ ಹೆಸರು ನಿಘಂಟಿನಲ್ಲಿಲ್ಲ.

ಫ್ಯಾನಿಯ ಪುಸ್ತಕದಲ್ಲೂ ಇದೇ ಬಗೆ. ಈ ದಂಪತಿಗಳು ಹೊರಡುವ ಮುಂಚೆ ರಾಮಾಯಣ, ಮಹಾಭಾರತ, ಜಾತಕ ಕಥೆಗಳನ್ನು ಶ್ರದ್ಧೆಯಿಂದ ಓದಿಕೊಂಡು ಬಂದವರು. ದೇವಾಲಯಗಳ ಕಂಬ, ಬೋದಿಗೆ, ಗೋಪುರಗಳಿಗೆ ಅವರು ಕೊಟ್ಟಿರುವ ಗೌರವ ದೊಡ್ಡದು. ಆದರೆ ಆ ಕಥೆಗಳನ್ನು ಬಾಯಲ್ಲಿ ಇಟ್ಟುಕೊಂಡು ಅದೇ ರಸ್ತೆಯಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದವರಿಗೆ ಆ ಗೌರವದಲ್ಲಿ ಪಾಲು ಸಿಕ್ಕಿದ್ದು ಕಡಿಮೆ. ಸತ್ತ ಶಿಲ್ಪಿಗೆ ಮೆಚ್ಚುಗೆ, ಬದುಕಿರುವ ಅಡುಗೆಯವನಿಗೆ ಗದರಿಕೆ! ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಅದೇ ಫ್ಯಾನಿ 1912ರಲ್ಲಿ ಸಿಯಾಚೆನ್ ಹಿಮನದಿಯ ಮೇಲೆ, ಹೆಂಗಸರಿಗೆ ಮತದಾನದ ಹಕ್ಕು ಬೇಕೆಂಬ ಪತ್ರಿಕೆಯನ್ನು ಹಿಡಿದು ಫೋಟೋ ತೆಗೆಸಿಕೊಂಡವಳು. ತನಗಾದ ಅನ್ಯಾಯ ಕಾಣುವ ಕಣ್ಣಿಗೆ ಪಕ್ಕದವರಿಗೆ ಆಗುವುದು ಕಾಣಿಸಲೇಬೇಕೆಂದೇನೂ ಇಲ್ಲ. ಈ ಮಾತನ್ನು ಮುಂದೆ ನನಗೇ ಹೇಳಿಕೊಳ್ಳಬೇಕಾಯಿತು.

ಆ ವರ್ಷಗಳು ಎಂಥವು ಎಂಬುದನ್ನೂ ನೆನೆಯಬೇಕು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. 1896–97ರ ಬರ ಮುಗಿಯಿತೆನ್ನುವಷ್ಟರಲ್ಲಿ 1899–1900ರ ಬರ. ಪ್ಲೇಗಿನ ಕಾಲದಲ್ಲಿ ಹೊಸ ಮುಖವೆಂದರೆ ಭಯ. 2020ರ ಬೇಸಗೆಯಲ್ಲಿ ನಮ್ಮ ಹಳ್ಳಿಗಳ ಬಾಯಿಗೆ ಮುಳ್ಳುಬೇಲಿ ಹಾಕಿ ಪರಸ್ಥಳದವರನ್ನು ತಡೆದದ್ದನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಥ ಕಾಲದಲ್ಲಿಯೂ ಬಿಳಿಯ ದಂಪತಿಗಳಿಗೆ ಬಂಗಲೆಯ ಬಾಗಿಲು ತೆರೆಯುತ್ತಿತ್ತು.

ಇನ್ನೊಂದು ಪ್ರಯಾಣವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. 1901ರಲ್ಲಿ ಸಾತಾರೆಯ ಬಾಲಕನೊಬ್ಬ ತನ್ನ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ, ದೂರದ ಊರಿನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ರೈಲಿನಲ್ಲಿ ಹೊರಟ. ಮಸೂರು ಎಂಬ ನಿಲ್ದಾಣದಲ್ಲಿ ಇಳಿದರು. ಅಚ್ಚುಕಟ್ಟಾದ ಬಟ್ಟೆ ತೊಟ್ಟ ಮಕ್ಕಳನ್ನು ಸ್ಟೇಷನ್ ಮಾಸ್ತರರು ಆದರದಿಂದಲೇ ಮಾತನಾಡಿಸಿದರು. ಅವರು ಮಹಾರರ ಮಕ್ಕಳೆಂದು ತಿಳಿದ ಕ್ಷಣ ಮುಖ ಬದಲಾಯಿತು. ಬಾಡಿಗೆಗೆ ಗಾಡಿ ಸಿಗದು. ಕೊನೆಗೆ ಒಬ್ಬ ಒಪ್ಪಿದ, ಎರಡರಷ್ಟು ಬಾಡಿಗೆಗೆ, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆಂಬ ಷರತ್ತಿನ ಮೇಲೆ. ಬುತ್ತಿಯಿತ್ತು, ಕುಡಿಯಲು ನೀರಿಲ್ಲ. ರಾತ್ರಿ ಸುಂಕದ ಕಟ್ಟೆಯವನನ್ನು ಕೇಳುವಾಗ ಹುಡುಗ ತಾವು ಮುಸಲ್ಮಾನರೆಂದು ಹೇಳಿದ. ಆದರೂ ನೀರು ಸಿಗಲಿಲ್ಲ. ಆ ಬಾಲಕ ಡಾಕ್ಟರ್ ಅಂಬೇಡ್ಕರ್. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಅವರ ಆತ್ಮಕಥನದ ಬರಹದಲ್ಲಿ ಇದು ಮೊದಲನೆಯ ಪ್ರಸಂಗ. ಅಮೆರಿಕದಲ್ಲಿ ಓದಿ ಬಂದು ಬರೋಡೆಯ ಕೆಲಸಕ್ಕೆ ಸೇರಿದಾಗಲೂ ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಹೇಳಿ ಇಳಿದುಕೊಂಡು, ಹನ್ನೊಂದು ದಿನದ ಮೇಲೆ ದೊಣ್ಣೆ ಹಿಡಿದು ಬಂದವರಿಂದ ಹೊರಬೀಳಬೇಕಾಯಿತೆಂದು ಅವರೇ ಬರೆದಿದ್ದಾರೆ.

ಅತಿಥಿಯನ್ನು ದೇವರೆಂದು ಕಾಣಬೇಕೆಂಬ ವಿಧಿ ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿದೆಯೆಂದು ನಾವು ಸಭೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಅರವಟ್ಟಿಗೆಗೂ ಛತ್ರಕ್ಕೂ ಭೂಮಿ ಬಿಟ್ಟ ಶಾಸನಗಳು ಕನ್ನಡನಾಡಿನಲ್ಲಿ ಎಷ್ಟೋ ಇವೆ. ಆ ಕೊಡುಗೈ ಸುಳ್ಳಲ್ಲ. ಆದರೆ ಅನೇಕ ಛತ್ರಗಳಲ್ಲಿ ಪಂಕ್ತಿ ಬೇರೆ ಬೇರೆಯಿದ್ದುದೂ, ಕೆಲವರಿಗೆ ಪಂಕ್ತಿಯೇ ಇಲ್ಲದೆ ಇದ್ದುದೂ ಅಷ್ಟೇ ನಿಜ. ಹಳಗನ್ನಡದಲ್ಲಿ ಅತಿಥಿಗೆ ‘ಬಿರ್ದು’ ಎಂಬ ಮಾತಿದೆ. ಅದರ ತಮಿಳು ಸೋದರ ‘ವಿರುಂದು’ ಎಂಬುದಕ್ಕೆ ಹೊಸತು ಎಂದೂ ಅರ್ಥ. ಹೊಸಬನೇ ನೆಂಟ. ಲ್ಯಾಟಿನ್ನಿನ ‘ಹೋಸ್ಟಿಸ್’ ಮೊದಲು ಪರಸ್ಥಳದವನು ಎಂಬ ಅರ್ಥದಲ್ಲಿದ್ದು ಬರುಬರುತ್ತಾ ಶತ್ರು ಎಂದಾಯಿತು. ಹೊಸ್ತಿಲಲ್ಲಿ ನಿಂತವನು ಯಾವ ಕಡೆಗೆ ವಾಲುವನೋ, ಒಳಗಿರುವವರು ಕೇಳುವ ಮೊದಲ ಪ್ರಶ್ನೆಗೆ ಅವನು ಕೊಡುವ ಉತ್ತರದ ಮೇಲಿದೆ.

ಇನ್ನು ನಮ್ಮ ಪ್ರವಾಸ. 2018ರ ಡಿಸೆಂಬರಿನಲ್ಲಿ ನಾನೂ ನನ್ನಾಕೆಯೂ ಚಿತ್ರದುರ್ಗದಿಂದ ಹೊರಟು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆಗಳ ಮೇಲೆ ಉಡುಪಿಗಿಳಿದು, ಕರಾವಳಿಯಲ್ಲಿ ಗೋಕರ್ಣದವರೆಗೆ ಹೋಗಿ, ಶಿರಸಿ, ಹಾವೇರಿ, ದಾವಣಗೆರೆಗಳ ಮೇಲೆ ಹಿಂದಿರುಗಿದೆವು. ಹನ್ನೆರಡು ದಿನ, ಸುಮಾರು 700 ಕಿಲೋಮೀಟರು. ನನ್ನದು ಗೇರಿಲ್ಲದ ಕರಿಯ ಸೈಕಲ್ಲು, ಆಕೆಯದು ಶಾಲೆಗೆ ಹೋಗಿಬರುವ ಲೇಡೀಸ್ ಸೈಕಲ್ಲು. ಆಕೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ದಿನದ ಲೆಕ್ಕವೆಲ್ಲ ಆಕೆಯದೇ. ಊರೂರಲ್ಲಿ ಲಾಡ್ಜಿಗೆ ಹೋಗಬಾರದು, ಎಲ್ಲಿ ಕತ್ತಲಾಗುತ್ತದೋ ಅಲ್ಲಿ ಕೇಳಿ ನೋಡಬೇಕು ಎಂಬುದು ನನ್ನ ಹಟ. ಪುಸ್ತಕ ಓದಿದವನ ಹಟ.

ಮೊದಲ ದಿನವೇ ಹೊಳಲ್ಕೆರೆ ದಾಟಿದ ಮೇಲೆ ಪಂಕ್ಚರ್. ಅಂಗಡಿಯವರು ಟ್ಯೂಬನ್ನು ತೊಟ್ಟಿಯ ನೀರಿನಲ್ಲಿ ಅದ್ದಿ, ಗುಳ್ಳೆ ಬಂದ ಕಡೆ ಗುರುತು ಮಾಡಿ, ತಿಕ್ಕಿ, ಪ್ಯಾಚು ಹಾಕಿದರು. ಹಣ ಕೊಟ್ಟೆ, ತೆಗೆದುಕೊಂಡರು. ಆಮೇಲೆ, “ಊಟದ ಹೊತ್ತಾತು, ಬರ್ರಿ, ಎಲ್ಡು ರೊಟ್ಟಿ ತಿಂದು ಹೋಗೀರಂತೆ” ಎಂದು ಹಿಂದಿನ ಮನೆಗೆ ಕರೆದೊಯ್ದರು. ಊಟದ ಮೇಲೆ ನಾನು ಮತ್ತೆ ಜೇಬಿಗೆ ಕೈ ಹಾಕಿದಾಗ ಅವರಿಗೆ ನಿಜವಾಗಿಯೂ ಬೇಸರವಾಯಿತು. “ಪಂಚರ್ ಕಸುಬು ಸಾರ್, ರೊಟ್ಟಿ ಮನೇದು” ಎಂದರು. ವಿದ್ಯಾರ್ಥಿಗಳಿಗೆ ಒಂದು ಗಂಟೆ ಪಾಠ ಮಾಡಿದರೂ ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರೆ.

ಒಂದು ಸಂಗತಿಯನ್ನು ಎರಡೇ ದಿನದಲ್ಲಿ ಗಮನಿಸಿದೆವು. ಒಂಟಿ ಗಂಡಸು ಬಂದರೆ ಅವನಿಗೆ ಜಗಲಿ. ಜೊತೆಯಲ್ಲಿ ಹೆಣ್ಣುಮಗಳಿದ್ದರೆ ಮನೆಯ ಹೆಂಗಸರು ಹೊರಗೆ ಬರುತ್ತಾರೆ, ಆಕೆಯನ್ನು ಒಳಗೆ ಕರೆಯುತ್ತಾರೆ, ಒಲೆಯ ಮುಂದಿನ ಮಣೆ ಸಿಗುತ್ತದೆ. ದಂಪತಿಗಳ ಪ್ರವಾಸದ ದೊಡ್ಡ ಲಾಭ ಇದು. ಆದರೆ ಜಗಲಿಯಲ್ಲಿ ಮಲಗುವವನನ್ನು ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಒಳಗೆ ಕರೆಯಬೇಕಾದರೆ ವಿಚಾರಿಸುತ್ತಾರೆ.

ತೀರ್ಥಹಳ್ಳಿಗೂ ಆಗುಂಬೆಗೂ ನಡುವೆ, ದೀಪ ಹಚ್ಚುವ ಹೊತ್ತಿಗೆ, ಇಳಿಜಾರಿನಲ್ಲಿ ಆಕೆಯ ಮುಂದಿನ ಟೈರು ಒಡೆದು ಆಕೆ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ತೋಟದ ನಡುವೆ ಒಂದು ಹೆಂಚಿನ ಮನೆ. ಅಡಿಕೆ ಕೊಯ್ಲಿನ ಕಾಲವಾದ್ದರಿಂದ ಅಂಗಳದ ಚಪ್ಪರದ ಕೆಳಗೆ ದೀಪ ಹಾಕಿ ಏಳೆಂಟು ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಮನೆಯ ಅಜ್ಜಿ ಓಡಿ ಬಂದರು. “ಅಯ್ಯೋ, ಎಂತ ಆಯ್ತು ಮಗಾ? ಬಾ, ಹಂಡೆಯಲ್ಲಿ ನೀರು ಕಾದಿದೆ, ಮೊದಲು ಕಾಲು ತೊಳಿ” ಎಂದು ಆಕೆಯ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದರು. ಸೈಕಲ್ ಪ್ರವಾಸಿಗಳಿಗೆ ಮನೆಯಲ್ಲಿ ಜಾಗ ಕೊಡುವವರ ‘ವಾರ್ಮ್ ಶವರ್ಸ್’ ಎಂಬ ಕೂಟವೊಂದು ವಿದೇಶದಲ್ಲಿ 1993ರಲ್ಲಿ ಆರಂಭವಾಯಿತು. ಹೆಸರಿನ ಅರ್ಥ ಬಿಸಿನೀರಿನ ಸ್ನಾನವೆಂದೇ. ಮಲೆನಾಡಿನ ಅಜ್ಜಿಯರಿಗೆ ಈ ಶಾಸ್ತ್ರ ಅದಕ್ಕೆ ಎಷ್ಟು ಹಿಂದಿನಿಂದ ಗೊತ್ತೋ!

ಜಗಲಿಯಲ್ಲಿ ಯಜಮಾನರು ಕೂತಿದ್ದರು. ಕವಳದ ತಟ್ಟೆ ನನ್ನ ಕಡೆ ತಳ್ಳಿ, ಊರು, ಕೆಲಸ ಎಲ್ಲ ಕೇಳಿದರು. ಆಮೇಲೆ, ಮೆಲ್ಲಗೆ, “ನಿಮ್ಮಲ್ಲಿ ಯಾವ ಪೈಕಿ?” ಎಂದರು.

ನಾನು ನನ್ನ ಜಾತಿ ಹೇಳಿದೆ. ಅದು ಆ ಮನೆಯ ಒಳಗೆ ಸಲ್ಲುವ ಜಾತಿ. ನಮ್ಮದು ಜಾತಿ ಮೀರಿದ ಮದುವೆ. ಆಕೆಯ ಮನೆತನದವರನ್ನು ಇಂಥ ಮನೆಗಳು ಅಂಗಳದಿಂದ ಮೇಲೆ ಹತ್ತಿಸಿದ್ದಿಲ್ಲ. ಅದನ್ನು ನಾನು ಹೇಳಲಿಲ್ಲ. ಸುಳ್ಳು ಹೇಳಲಿಲ್ಲವಲ್ಲ ಎಂದು ಆಗ ಸಮಾಧಾನ ಮಾಡಿಕೊಂಡೆ. ಕತ್ತಲಾಗಿದೆ, ಆಕೆಗೆ ಪೆಟ್ಟಾಗಿದೆ, ಇನ್ನೊಂದು ಮನೆ ಎಷ್ಟು ದೂರವೋ ಗೊತ್ತಿಲ್ಲ ಎಂಬ ಕಾರಣಗಳೂ ಕೈಗೆ ಸಿಕ್ಕವು. ಬಚ್ಚಲು ಜಗಲಿಯ ಗೋಡೆಗೆ ಹೊಂದಿಕೊಂಡೇ ಇತ್ತು. ನೀರು ಸುರಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಊಟ ಒಳಗೆ ನಡೆಯಿತು. ಗಂಜಿಯಲ್ಲ, ಹಬ್ಬದಂಥ ಊಟ. ಅಜ್ಜಿ ಆಕೆಗೆ ಒತ್ತಾಯ ಮಾಡಿ ಬಡಿಸಿದರು, ಮೊಣಕಾಲಿಗೆ ಅರಿಶಿನ ಎಣ್ಣೆ ಹಚ್ಚಿದರು, ಮಕ್ಕಳೆಷ್ಟೆಂದು ಕೇಳಿದರು. ಅಡಿಕೆ ಸುಲಿಯುತ್ತಿದ್ದವರಿಗೆ ಊಟ ಅಂಗಳಕ್ಕೇ ಹೋಯಿತು.

ರಾತ್ರಿ ದೀಪ ಆರಿಸಿದ ಮೇಲೆ ಆಕೆ ಹೇಳಿದಳು: “ನಮ್ಮಮ್ಮ ಅಂಗಳದಲ್ಲಿ ಉಂಡವಳು. ನಾನು ಒಳಗೆ ಕೂತು ಕಿಟಕಿಯಿಂದ ಅವರನ್ನು ನೋಡುತ್ತಾ ಉಂಡೆ. ನೀವು ಉಣಿಸಿದಿರಿ.” ಇಷ್ಟೇ. ನನ್ನಲ್ಲಿ ಉತ್ತರವಿರಲಿಲ್ಲ. ಅಂಬೇಡ್ಕರರ ಪ್ರಸಂಗವನ್ನು ಇಪ್ಪತ್ತು ವರ್ಷ ತರಗತಿಯಲ್ಲಿ ಹೇಳಿದವನು ನಾನು. ಅಲ್ಲಿ ನೀರಿಗಾಗಿ ಒಂದು ಮಗು ಸುಳ್ಳು ಹೇಳಿತು. ಇಲ್ಲಿ ನಲವತ್ತೈದು ದಾಟಿದ ಅಧ್ಯಾಪಕ, ತನಗೆ ಯಾವ ಬಾಗಿಲೂ ಮುಚ್ಚದಿದ್ದರೂ, ಹೆಂಡತಿಯನ್ನು ತನ್ನ ಹೆಸರಿನ ಹಿಂದೆ ಅಡಗಿಸಿದ.

ಬೆಳಿಗ್ಗೆ ಆಕೆ ನೇರವಾಗಿ ಅಜ್ಜಿಯ ಬಳಿಗೆ ಹೋಗಿ ಹೇಳಿಬಿಟ್ಟಳು. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ರಾತ್ರಿಯೇ ಹೇಳಬಹುದಿತ್ತಲ್ಲ ಮಗಾ” ಎಂದರು. ರಾತ್ರಿಯೇ ಹೇಳಿದ್ದರೆ ಏನು ಮಾಡುತ್ತಿದ್ದರೆಂಬುದು ನಮಗೆ ಈಗಲೂ ಗೊತ್ತಿಲ್ಲ. ಪ್ರಾಯಶಃ ಅವರಿಗೂ ಗೊತ್ತಿರಲಿಕ್ಕಿಲ್ಲ. ಕಾಫಿ ಅಂದು ಒಳಗೆ ಸಿಗಲಿಲ್ಲ, ಜಗಲಿಗೆ ಬಂತು. ಯಜಮಾನರು ಅಡಿಕೆಯ ರಾಶಿಯಿಂದ ತಲೆ ಎತ್ತಲಿಲ್ಲ. ಸೊಸೆ ಹೊರಗೆ ಬರಲಿಲ್ಲ. ಆದರೆ ಅಜ್ಜಿ ತಮ್ಮ ಲೋಟವನ್ನೂ ತಂದು, ಆಕೆಯ ಪಕ್ಕದಲ್ಲಿ ಜಗಲಿಯ ಅಂಚಿನಲ್ಲಿ ಕೂತು ಕುಡಿದರು. ಮೊಣಕಾಲನ್ನು ಇನ್ನೊಮ್ಮೆ ನೋಡಿದರು. ಹೊರಡುವಾಗ ಬಾಳೆಲೆಯಲ್ಲಿ ಕಡುಬು ಕಟ್ಟಿಕೊಟ್ಟು, “ವಿಳಾಸ ಬರೆದಿಟ್ಟು ಹೋಗು” ಎಂದರು. ಆಕೆ ನನ್ನ ಟಿಪ್ಪಣಿ ಪುಸ್ತಕದ ಹಾಳೆ ಹರಿದು ಬರೆದುಕೊಟ್ಟಳು.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಬ್ರೇಕು ಹಿಡಿದುಕೊಂಡು, ಕೆಲವು ಕಡೆ ಇಳಿದು ತಳ್ಳಿಕೊಂಡು ಇಳಿದೆವು. ಆಕೆ ಮಾತಾಡಲಿಲ್ಲ. ಕೆಳಗೆ ಸೋಮೇಶ್ವರದಲ್ಲಿ ಕಡುಬಿನ ಗಂಟು ಬಿಚ್ಚಿದಾಗ, “ಇನ್ನು ಮುಂದೆ ಯಾರಾದರೂ ಕೇಳಿದರೆ ಉತ್ತರ ನಾನು ಹೇಳುತ್ತೇನೆ” ಎಂದಳು. ಹಾಗೆಯೇ ಹೇಳಿದಳು. ಎರಡು ಕಡೆ ಇದ್ದಕ್ಕಿದ್ದಂತೆ ಮನೆಯಲ್ಲಿ ಜಾಗವಿಲ್ಲದಂತಾಯಿತು. ಒಂದು ರಾತ್ರಿ ಬಸ್ಸು ನಿಲ್ದಾಣದಲ್ಲಿ ಕಳೆದೆವು. ಉಳಿದ ಕಡೆಗಳಲ್ಲಿ ಅನ್ನ ಸಿಕ್ಕಿತು, ಅದೂ ಒಳಗೇ. ಭಟ್ಕಳ ಇನ್ನೂ ಹತ್ತು ಮೈಲಿ ಇರುವಾಗ ರಸ್ತೆ ಬದಿಯ ದಿನಸಿ ಅಂಗಡಿಯ ಯಜಮಾನರೊಬ್ಬರು ಏನನ್ನೂ ಕೇಳದೆ ಗೋಣಿಚೀಲಗಳನ್ನು ಸರಿಸಿ, ಚಾಪೆ ಹಾಸಿ, ಬೀಗದ ಕೈಯನ್ನು ನಮ್ಮ ಕೈಯಲ್ಲೇ ಕೊಟ್ಟು ಮನೆಗೆ ಹೋದರು. ಗಲ್ಲಾಪೆಟ್ಟಿಗೆ ಅಲ್ಲೇ ಇತ್ತು.

ಊರಿಗೆ ಬಂದು ದಿನಚರಿಯನ್ನು ತೆರೆದೆ. ಕಿಲೋಮೀಟರುಗಳಿದ್ದವು, ಖರ್ಚಿತ್ತು, ದಾರಿಯಲ್ಲಿ ಕಂಡ ಗುಡಿಗಳ ವಿವರ ಮೂರು ಪುಟ ಇತ್ತು. ಪಂಕ್ಚರ್ ಅಂಗಡಿಯವರು, ಅಜ್ಜಿ, ದಿನಸಿ ಅಂಗಡಿಯವರು, ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರು, ಒಬ್ಬರದೂ ಹೆಸರಿರಲಿಲ್ಲ. ಫ್ಯಾನಿ ವರ್ಕ್‌ಮನ್ನಳ ಪುಸ್ತಕವನ್ನು ಅದರ ಪಕ್ಕದಲ್ಲೇ ಇಟ್ಟೆ.

2019ರ ಮೇ ತಿಂಗಳಲ್ಲಿ ಶಿವಮೊಗ್ಗದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರೊಬ್ಬರು ಫೋನು ಮಾಡಿ, ನಿಲ್ದಾಣಕ್ಕೆ ಬಂದು ಒಂದು ಡಬ್ಬ ತೆಗೆದುಕೊಂಡು ಹೋಗಬೇಕೆಂದರು. ಬಟ್ಟೆ ಸುತ್ತಿ ಹೊಲಿದಿದ್ದ ಡಬ್ಬ. ಒಳಗೆ ಅಪ್ಪೆಮಿಡಿ ಉಪ್ಪಿನಕಾಯಿ. ಮೇಲೆ ಮಗುವಿನ ಅಕ್ಷರದಂಥ ದಪ್ಪ ಅಕ್ಷರದಲ್ಲಿ ಬರೆದ ವಿಳಾಸ ಆಕೆಯ ಹೆಸರಿಗಿತ್ತು. ನನ್ನ ಹೆಸರಿರಲಿಲ್ಲ.